ಅಲೆಯಿಲ್ಲದ ಜಾಗವೇ ಹುಡುಗನನ್ನು ಎಳೆದದ್ದೇಕೆ? ಕಡಲಿನ ಸೆಳವುಗಳ ಬಗ್ಗೆ ಒಂದು ಚರ್ಚೆ

ಗಂಗಾವತಿಯ ಮೇಷ್ಟ್ರು:

ಕಳೆದ ಜನವರಿಯಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಉತ್ತರ ಕನ್ನಡದ ಕಡಲತೀರಕ್ಕೆ ಪ್ರವಾಸ ಹೋಗಿದ್ದೆವು. ನಮ್ಮ ಹುಡುಗರಲ್ಲಿ ಹೆಚ್ಚಿನವರು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜು ಕಲಿತವರಾದ್ದರಿಂದ ನೀರಿನ ಭಯ ಅವರಿಗೆ ಕಡಿಮೆ. ಆದರೂ ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರೂ ಇಳಿಯಬಾರದೆಂದು ಕಟ್ಟುನಿಟ್ಟಾಗಿ ಹೇಳಿ, ನಾನೂ ಇನ್ನೊಬ್ಬ ಶಿಕ್ಷಕರೂ ದಡದಲ್ಲಿ ನಿಂತಿದ್ದೆವು.

ಎಡಕ್ಕೂ ಬಲಕ್ಕೂ ಬಿಳಿ ನೊರೆಯ ಅಲೆಗಳು ಒಂದರ ಹಿಂದೊಂದು ಮುರಿಯುತ್ತಿದ್ದವು. ನಡುವೆ ಮಾತ್ರ ಹತ್ತು ಹದಿನೈದು ಮೀಟರ್ ಅಗಲದ ಒಂದು ಪಟ್ಟಿ ಇತ್ತು. ಅಲ್ಲಿ ಅಲೆಯೇ ಇರಲಿಲ್ಲ, ನೀರು ಸ್ವಲ್ಪ ಕಪ್ಪಾಗಿ ಕೆರೆಯಂತೆ ಕಾಣುತ್ತಿತ್ತು. ಒಬ್ಬ ಹುಡುಗ, ಅದೂ ಮಾತು ಕೇಳುವ ಹುಡುಗ, ಅಲೆ ಹೊಡೆಯದ ಜಾಗವೇ ಕ್ಷೇಮವೆಂದು ಎಣಿಸಿ ಅಲ್ಲಿ ನಿಂತ. ನಾನು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಅವನ ತಲೆ ಇಪ್ಪತ್ತೈದು ಮಾರು ಆಚೆಗೆ ಹೋಗಿತ್ತು. ಅವನು ದಡದ ಕಡೆಗೇ ಮುಖ ಮಾಡಿ ಜೋರಾಗಿ ಕೈ ಬೀಸಿ ಈಜುತ್ತಿದ್ದ, ಆದರೆ ದೂರ ಹೆಚ್ಚುತ್ತಲೇ ಇತ್ತು. ಜೀವರಕ್ಷಕ ಸಿಬ್ಬಂದಿಯೊಬ್ಬರು ಸೀಟಿ ಊದಿ, ತೇಲುವ ಟ್ಯೂಬ್ ಹಿಡಿದು ಹೋಗಿ, ಹೋದ ದಾರಿಯಲ್ಲಿ ಅಲ್ಲದೆ ಪಕ್ಕದ ಅಲೆಗಳ ನಡುವಿನಿಂದ ಅವನನ್ನು ಕರೆತಂದರು. "ಅಲೆ ಇಲ್ಲದ ಕಡೆ ಇಳಿಸಬೇಡಿ ಮೇಷ್ಟ್ರೇ" ಎಂದಷ್ಟೇ ಹೇಳಿ ಅವರು ತಮ್ಮ ಜಾಗಕ್ಕೆ ಹೋದರು.

ಹದಿನೆಂಟು ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಗಲ್ಫ್ ಸ್ಟ್ರೀಮ್, ಲ್ಯಾಬ್ರಡಾರ್ ಪ್ರವಾಹಗಳನ್ನು ಬೋರ್ಡಿನ ಮೇಲೆ ಕೆಂಪು ನೀಲಿ ಸೀಮೆಸುಣ್ಣದಲ್ಲಿ ಕಣ್ಣುಮುಚ್ಚಿ ಬರೆಯಬಲ್ಲೆ. ಆದರೆ ಕಾಲ ಬುಡದಲ್ಲೇ ಹರಿಯುತ್ತಿದ್ದ ಸೆಳವು ನನಗೆ ಕಾಣಲಿಲ್ಲ. ನೀರು ದಡದ ಕಡೆಗೆ ಬರುತ್ತಿರುವಾಗ ಅದೇ ನೀರು ಮನುಷ್ಯನನ್ನು ಒಳಕ್ಕೆ ಒಯ್ಯುವುದು ಹೇಗೆ? ಬಲ್ಲವರು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ರಾಯಚೂರಿನಲ್ಲಿರುವ ಕುಮಟಾದವಳು:

ಮೇಷ್ಟ್ರೇ, ಮೊದಲಿಗೆ ಹುಡುಗ ಕ್ಷೇಮವಾಗಿ ಬಂದನಲ್ಲ, ಅದು ಸಮಾಧಾನ. ನಾನು ನೌಕರಿಗಾಗಿ ರಾಯಚೂರಿಗೆ ಬಂದು ಆರು ವರ್ಷವಾಯಿತು. ಹುಟ್ಟಿ ಬೆಳೆದದ್ದು ಕಡಲ ಬದಿಯಲ್ಲಿ. ನಿಮ್ಮ ಹುಡುಗನನ್ನು ಒಯ್ದ ಆ ಸೆಳವನ್ನು ಈಗ ಎಲ್ಲರೂ ರಿಪ್ ಕರೆಂಟ್ ಎನ್ನುತ್ತಾರೆ.

ಆಳವಾದ ಕಡಲಿನಲ್ಲಿ ಅಲೆ ಚಲಿಸುತ್ತದೆಯೇ ಹೊರತು ನೀರು ಅದರ ಜೊತೆಗೆ ದೂರ ಹೋಗುವುದಿಲ್ಲ. ತೇಲುವ ತೆಂಗಿನಕಾಯಿಯನ್ನು ನೋಡಿದರೆ ಗೊತ್ತಾಗುತ್ತದೆ, ಅಲೆ ಬಂದಾಗ ಅದು ಏರಿ, ಸ್ವಲ್ಪ ಮುಂದೆ ಬಾಗಿ, ಇಳಿದು, ಹಿಂದೆ ಸರಿದು, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆಳ ಕಡಿಮೆಯಾದಂತೆ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮಾತ್ರ ಮುಂದಕ್ಕೆ ಬಾಗಿ ಮುರಿಯುತ್ತದೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಮುರಿದುಬೀಳುತ್ತದೆ. ಮುರಿದ ಮೇಲೆ ಕಥೆಯೇ ಬೇರೆ. ಆಗ ನೀರು ನಿಜವಾಗಿಯೂ ದಡದತ್ತ ನುಗ್ಗುತ್ತದೆ. ಅಲೆಯ ಮೇಲೆ ಅಲೆ ಹೀಗೆ ನೀರನ್ನು ತಳ್ಳುತ್ತಿದ್ದರೆ ದಡದ ಬಳಿ ನೀರಿನ ಮಟ್ಟ ಆಚೆಗಿಂತ ಒಂದಿಷ್ಟು, ದೊಡ್ಡ ಅಲೆಯಿದ್ದಾಗ ಗೇಣುದ್ದದವರೆಗೂ, ಏರಿ ನಿಲ್ಲುತ್ತದೆ. ಏರಿದ ನೀರು ಇಳಿಯಲೇಬೇಕು.

ಇಳಿಯುವುದು ಎಲ್ಲಿಂದ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ದಡದಿಂದ ಸ್ವಲ್ಪ ಆಚೆಗೆ, ನೀರಿನ ಕೆಳಗೆ, ದಡಕ್ಕೆ ಸಮನಾಗಿ ಮರಳಿನ ದಿಣ್ಣೆ ಇರುತ್ತದೆ. ದಿಣ್ಣೆಯ ಮೇಲೆ ನೀರು ಆಳವಿಲ್ಲದ ಕಾರಣ ಅಲೆ ಅಲ್ಲೇ ಮುರಿದು ಬಿಳಿಯಾಗುತ್ತದೆ. ದಿಣ್ಣೆಯಲ್ಲಿ ಎಲ್ಲಾದರೂ ಕಂಡಿ ಇದ್ದರೆ ಅಲ್ಲಿ ಆಳ ಹೆಚ್ಚು, ಅಲೆ ಮುರಿಯುವುದಿಲ್ಲ, ನೀರು ಕಪ್ಪಾಗಿ ಕಾಣುತ್ತದೆ. ಒಳಗೆ ಸೇರಿದ ನೀರೆಲ್ಲ ಎಡಬಲಗಳಿಂದ ಆ ಕಂಡಿಯ ಕಡೆಗೆ ಹರಿದುಬಂದು, ಕಿರಿದಾದ ಆ ಬಾಯಿಯಿಂದ ಕಡಲಿಗೆ ಹಿಂದಿರುಗುತ್ತದೆ. ನಿಮ್ಮ ವಿದ್ಯಾರ್ಥಿ ಕೆರೆ ಎಂದುಕೊಂಡು ನಿಂತದ್ದು ತೂಬಿನ ಬಾಯಿಯಲ್ಲಿ.

ಕಾರಟಗಿಯ ಭತ್ತದ ಬೆಳೆಗಾರ:

ಅಕ್ಕಾವರು ತೂಬು ಎಂದದ್ದರಿಂದ ನನಗೆ ಪೂರ್ತಿ ಅರ್ಥವಾಯಿತು. ಗದ್ದೆಯ ಮಡಿಯಲ್ಲಿ ನೀರು ತುಂಬಿ ನಿಂತಿರುವಾಗ ಬದುವಿನಲ್ಲಿ ಏಡಿ ಒಂದು ತೂತು ಮಾಡಿದರೆ ಸಾಕು, ಮಡಿಯ ನೀರೆಲ್ಲ ಆ ಒಂದೇ ಕಡೆಗೆ ತಿರುಗುತ್ತದೆ. ಮೊದಲು ಬೆರಳು ತೂರುವಷ್ಟಿದ್ದದ್ದು ಮಣ್ಣನ್ನು ತಾನೇ ಕೊರೆದುಕೊಂಡು ಬೆಳಗಾಗುವಷ್ಟರಲ್ಲಿ ಸಲಿಕೆಯ ಅಗಲಕ್ಕೆ ಬಾಯಿ ಬಿಟ್ಟಿರುತ್ತದೆ. ಮಡಿಯ ನಡುವೆ ನಿಂತು ನೋಡಿದರೆ ನೀರು ಅಲುಗಾಡಿದಂತೆಯೂ ಕಾಣುವುದಿಲ್ಲ, ಭತ್ತದ ಹೊಟ್ಟು ಮೆಲ್ಲಗೆ ಅತ್ತ ತೇಲುವುದನ್ನು ನೋಡಿಯೇ ಎಲ್ಲಿ ಒಡೆದಿದೆ ಎಂದು ಹುಡುಕುತ್ತೇವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಒಂದೇ ಕಂಡಿಯಿಂದ ನೀರು ಹೇಗೆ ನುಗ್ಗುತ್ತದೆ ಎಂಬುದನ್ನು ಈ ಭಾಗದವರೆಲ್ಲ ಕಂಡಿದ್ದೇವೆ.

ಒಂದು ಸಂಶಯವಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ಉಕ್ಕುತ್ತದೆ ಎನ್ನುತ್ತಾರೆ. ಈ ಸೆಳವು ಇಳಿತದ ಸಮಯದ್ದೇ ಇರಬೇಕಲ್ಲವೇ? ಹಾಗೆಯೇ ಅದು ಮನುಷ್ಯನನ್ನು ತಳಕ್ಕೆ ಎಳೆಯುತ್ತದೆ ಎಂಬುದು ನಿಜವೇ?

ಕೊಪ್ಪಳದ ಭೂಗೋಳ ಉಪನ್ಯಾಸಕಿ:

ನಿಮ್ಮ ಎರಡು ಪ್ರಶ್ನೆಗಳೂ ಒಳ್ಳೆಯವು, ಏಕೆಂದರೆ ಎರಡರ ಬಗ್ಗೆಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಉಬ್ಬರ ಇಳಿತಗಳಿಗೆ ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆ ಕಾರಣ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕು. ರಿಪ್ ಕರೆಂಟಿಗೆ ಕಾರಣ ಮುರಿಯುವ ಅಲೆಗಳು, ಆದ್ದರಿಂದ ಅದು ಯಾವ ತಿಥಿಯಲ್ಲಾದರೂ ಉಂಟಾಗಬಹುದು. ಇಂಗ್ಲಿಷಿನಲ್ಲಿಯೂ ಇದನ್ನು ಬಹಳ ಕಾಲ ಇಳಿತದ ಸೆಳವೆಂದು ತಪ್ಪಾಗಿ ಕರೆಯುತ್ತಿದ್ದರು. 1936ರಲ್ಲಿ ಅಮೆರಿಕದ ಸಾಗರ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ ಅವರು ಅದನ್ನು ತಿದ್ದಿ, ರಿಪ್ ಕರೆಂಟ್ ಎಂಬ ಹೆಸರನ್ನು ಮುಂದಿಟ್ಟರು. ಆದರೆ ಇಳಿತಕ್ಕೆ ಇಲ್ಲಿ ಪಾತ್ರವೇ ಇಲ್ಲವೆಂದೂ ಹೇಳಲಾಗದು. ಇಳಿತದ ಹೊತ್ತಿಗೆ ದಿಣ್ಣೆಯ ಮೇಲಿನ ನೀರು ತೆಳುವಾಗುವುದರಿಂದ ಹಿಂದಿರುಗುವ ನೀರಿಗೆ ಕಂಡಿಯನ್ನು ಬಿಟ್ಟರೆ ಬೇರೆ ದಾರಿ ಉಳಿಯುವುದಿಲ್ಲ, ಹಾಗಾಗಿ ಅನೇಕ ತೀರಗಳಲ್ಲಿ ಆಗಲೇ ಸೆಳವು ಬಲವಾಗಿರುತ್ತದೆ.

ಎರಡನೆಯದಾಗಿ, ಅದು ತಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಅಲೆ ಮುರಿಯುವ ಸಾಲನ್ನು ದಾಟಿದ ಮೇಲೆ ಕವಲೊಡೆದು ಹರಡಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಮುಳುಗುವವರು ಮುಳುಗುವುದು ಸುಸ್ತಿನಿಂದ ಮತ್ತು ಗಾಬರಿಯಿಂದ. ದಡ ಕಣ್ಣೆದುರಿಗೇ ಇರುತ್ತದೆ, ಆ ಕಡೆಗೇ ಈಜುತ್ತಾರೆ, ಒಂದು ಅಡಿಯೂ ಮುಂದೆ ಹೋಗಲಾಗದೆ ಕೈಸೋಲುತ್ತಾರೆ. ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸಿನಲ್ಲಿದ್ದರೂ, ದೊಡ್ಡ ಅಲೆಗಳ ಗುಂಪೊಂದು ಬಂದ ಕೂಡಲೇ ಏರಿ, 2 ಮೀಟರ್ ಮುಟ್ಟುವುದೂ ಉಂಟು.

ಮೇಷ್ಟ್ರೇ, ನಿಮ್ಮ ಹುಡುಗರಿಗೆ ಇದನ್ನು ತಿಳಿಸಲು ಕಾಲುವೆಯೇ ಸಾಕು. ಎಡದಂಡೆ ಕಾಲುವೆಯಲ್ಲಿ ಜಿಗಿದವನು ಜಿಗಿದ ಮೆಟ್ಟಿಲಿಗೇ ವಾಪಸ್ ಈಜಲು ಹೋಗುವುದಿಲ್ಲ, ಹರಿವಿಗೆ ಮೈಕೊಟ್ಟು ಓರೆಯಾಗಿ ಈಜಿ ಕೆಳಗಿನ ಮೆಟ್ಟಿಲಲ್ಲಿ ಏರುತ್ತಾನೆ. ಕಡಲಿನಲ್ಲಿಯೂ ಅದೇ ಲೆಕ್ಕ. ಅಲ್ಲಿ ಕಾಲುವೆಯ ದಂಡೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಎಡಬಲಗಳಲ್ಲಿ ಬಿಳಿ ಅಲೆ ಮುರಿಯುವ ಜಾಗವೇ ಅದರ ದಂಡೆ. ಜೀವರಕ್ಷಕರು ಹುಡುಗನನ್ನು ಪಕ್ಕದ ಅಲೆಗಳ ನಡುವಿನಿಂದ ತಂದದ್ದು ಇದೇ ಕಾರಣಕ್ಕೆ, ಅಲ್ಲಿ ನೀರು ದಡದ ಕಡೆಗೇ ತಳ್ಳುತ್ತದೆ.

ಬಳ್ಳಾರಿಯ ಈಜುಗಾರ:

ತಮ್ಮ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ. ನಾನು ಈಜುಕೊಳದಲ್ಲಿ 100 ಮೀಟರನ್ನು ಒಂದೂವರೆ ನಿಮಿಷದಲ್ಲಿ ಮುಗಿಸುತ್ತೇನೆ. ಚೆನ್ನಾಗಿ ಈಜು ಬಲ್ಲವನು ಐವತ್ತು ಮೀಟರ್ ದೂರವನ್ನು ನೇರವಾಗಿ ದಾಟಿ ಬರಲಾರನೇ?

ಕೊಪ್ಪಳದ ಭೂಗೋಳ ಉಪನ್ಯಾಸಕಿ:

ಲೆಕ್ಕ ಹಾಕೋಣ ಸರ್. ನಿಮ್ಮ ವೇಗ ಸೆಕೆಂಡಿಗೆ ಸುಮಾರು 1.1 ಮೀಟರ್. ಎದುರಿನ ಸೆಳವು ಸೆಕೆಂಡಿಗೆ 1 ಮೀಟರ್ ಇದ್ದರೆ ನಿಮಗೆ ಉಳಿಯುವುದು 0.1 ಮೀಟರ್. ಐವತ್ತು ಮೀಟರ್ ದಾಟಲು 500 ಸೆಕೆಂಡು, ಅಂದರೆ ಎಂಟು ನಿಮಿಷಕ್ಕಿಂತ ಹೆಚ್ಚು ಕಾಲ ಸ್ಪರ್ಧೆಯ ವೇಗದಲ್ಲಿ, ಉಪ್ಪುನೀರು ಮುಖಕ್ಕೆ ಹೊಡೆಯುತ್ತಿರುವಾಗ, ನಿಲ್ಲದೆ ಈಜಬೇಕು. ಸೆಳವು ಇನ್ನೊಂದಿಷ್ಟು ಹೆಚ್ಚಾದರೆ ಈಜುತ್ತಲೇ ಹಿಂದೆ ಹೋಗುತ್ತೀರಿ.

ನನ್ನ ಹಿಂದಿನ ಮಾತಿಗೂ ಒಂದು ತಿದ್ದುಪಡಿ ಸೇರಿಸಬೇಕು. ಜಿಪಿಎಸ್ ಅಳವಡಿಸಿದ ತೇಲುಗಳನ್ನು ಸೆಳವಿನಲ್ಲಿ ಬಿಟ್ಟು ನೋಡಿದ ಸಂಶೋಧಕರಿಗೆ, ಅವುಗಳಲ್ಲಿ ಅನೇಕವು ಆಚೆ ಹೋಗದೆ ಸುತ್ತು ಹಾಕಿ ದಿಣ್ಣೆಯ ಮೇಲಿನಿಂದ ಮರಳಿ ಬಂದದ್ದು ಕಂಡಿದೆ. ಅಂದರೆ ಒಂದು ಪಕ್ಕಕ್ಕೆ ಈಜಿದಾಗ ಆ ಸುತ್ತಿನ ಹರಿವೇ ನಮಗೆ ಎದುರಾಗಬಹುದು. ಆದ್ದರಿಂದ ಮೊದಲು ಮಲಗಿ ತೇಲುವುದು, ಉಸಿರು ಉಳಿಸಿಕೊಳ್ಳುವುದು, ಕೈಯೆತ್ತಿ ಸಹಾಯ ಕೇಳುವುದು. ಪಕ್ಕಕ್ಕೆ ಈಜುವುದು ಆಮೇಲೆ, ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ.

ಗಂಗಾವತಿಯ ಮೇಷ್ಟ್ರು:

ಈ ಲೆಕ್ಕವನ್ನು ನಾಳೆಯೇ ತರಗತಿಯಲ್ಲಿ ಬರೆಸುತ್ತೇನೆ. ಮೇಡಂ, ಇನ್ನೊಂದು ಪ್ರಶ್ನೆ. ಭೂಪಟದಲ್ಲಿ ಬಾಣದ ಗುರುತಿನಿಂದ ತೋರಿಸುವ ದೊಡ್ಡ ಪ್ರವಾಹಗಳಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ಕೊಪ್ಪಳದ ಭೂಗೋಳ ಉಪನ್ಯಾಸಕಿ:

ನೇರ ಸಂಬಂಧ ಇಲ್ಲವೆಂದೇ ಹೇಳಬೇಕು. ರಿಪ್ ಕರೆಂಟ್ ಕೆಲವು ಹತ್ತು ಮೀಟರುಗಳ, ಕೆಲವು ನಿಮಿಷಗಳ ವ್ಯವಹಾರ, ಅಷ್ಟು ಚಿಕ್ಕ ಅಳತೆಯಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ ಲೆಕ್ಕಕ್ಕೆ ಬರುವುದಿಲ್ಲ. ನೂರಾರು ಕಿಲೋಮೀಟರ್ ಉದ್ದಕ್ಕೆ ವಾರಗಟ್ಟಲೆ ಹರಿಯುವ ನೀರಿನಲ್ಲಿ ಮಾತ್ರ ಅದೇ ಯಜಮಾನ.

ಉತ್ತರ ಹಿಂದೂ ಮಹಾಸಾಗರದ ವಿಶೇಷವೆಂದರೆ ಇಲ್ಲಿಯ ಪ್ರವಾಹಗಳು ವರ್ಷದಲ್ಲಿ ದಿಕ್ಕು ಬದಲಿಸುತ್ತವೆ. ಪಠ್ಯಪುಸ್ತಕದ ಬಾಣಗಳು ಒಂದೇ ಕಡೆಗೆ ಮುಖ ಮಾಡಿ ಕುಳಿತಿರುವುದರಿಂದ ವಿದ್ಯಾರ್ಥಿಗಳಿಗೆ ಇದು ಹೊಳೆಯುವುದೇ ಇಲ್ಲ ಎಂಬುದು ನನ್ನ ಹಳೆಯ ದೂರು. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರಕ್ಕೆ. ಚಳಿಗಾಲದಲ್ಲಿ ಅದು ಬಂಗಾಳ ಕೊಲ್ಲಿಯಿಂದ ಬಂದ ಕಡಿಮೆ ಉಪ್ಪಿನ ನೀರನ್ನೂ ಹೊತ್ತು ತರುತ್ತದೆ. ಅಂದರೆ ನಮ್ಮ ತುಂಗಭದ್ರೆ ಪೂರ್ವದ ಕಡಲಿಗೆ ಒಪ್ಪಿಸಿದ ಸಿಹಿನೀರಿನ ಒಂದು ಸಣ್ಣ ಪಾಲು ಕನ್ಯಾಕುಮಾರಿಯನ್ನು ಸುತ್ತಿಕೊಂಡು ಪಶ್ಚಿಮ ಕರಾವಳಿಗೆ ಬರುವುದು ಅಸಾಧ್ಯವೇನಲ್ಲ.

ಮುಂಗಾರಿನಲ್ಲಿ ಮತ್ತೊಂದು ಸಂಗತಿ ನಡೆಯುತ್ತದೆ, ತಳದ ನೀರು ಮೇಲೇಳುತ್ತದೆ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾರ್ವೆಯ ಅನ್ವೇಷಕ ನ್ಯಾನ್ಸೆನ್ 1893ರಲ್ಲಿ ಹೊರಟ ತಮ್ಮ ಫ್ರಾಮ್ ಹಡಗಿನಲ್ಲಿ ಉತ್ತರ ಧ್ರುವ ಸಾಗರದ ಹಿಮದ ನಡುವೆ ಸಿಕ್ಕಿಕೊಂಡು ಸಾಗುವಾಗ, ಹಿಮ ಗಾಳಿಯ ದಿಕ್ಕಿಗೇ ಹೋಗದೆ ಸ್ವಲ್ಪ ಬಲಕ್ಕೆ ಸರಿಯುವುದನ್ನು ಗಮನಿಸಿದರು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿ ಎಕ್‌ಮನ್ 1905ರಲ್ಲಿ ಗಣಿತದಿಂದ ವಿವರಿಸಿದರು. ಗಾಳಿ ತಳ್ಳುವ ಮೇಲಿನ ಪದರದ ನೀರು ಒಟ್ಟಾರೆಯಾಗಿ, ಉತ್ತರಾರ್ಧಗೋಳದಲ್ಲಿ, ಗಾಳಿಗೆ ಲಂಬವಾಗಿ ಬಲಕ್ಕೆ ಸಾಗುತ್ತದೆ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣದತ್ತ ಬೀಸುವ ಗಾಳಿಗೆ ಬಲಗಡೆ ಎಂದರೆ ಪಶ್ಚಿಮ, ಅಂದರೆ ದಡದಿಂದ ದೂರ. ಮೇಲಿನ ನೀರು ಸರಿದುಹೋದ ಜಾಗಕ್ಕೆ ತಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇಳುತ್ತದೆ. ಕೇರಳದ ಕಡೆ ಇದು ಹೆಚ್ಚು, ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಕಡಿಮೆ.

ರಾಯಚೂರಿನಲ್ಲಿರುವ ಕುಮಟಾದವಳು:

ಆ ತಳನೀರಿನ ಪ್ರಸಾದವೇ ನಮ್ಮ ಬೂತಾಯಿ, ಬಂಗುಡೆ ಮೀನುಗಳು. ಮಳೆಗಾಲದಲ್ಲಿ ಮೀನುಗಳು ಮರಿಮಾಡುವ ಸಮಯವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚಿರುತ್ತದೆ. ಆ ಎರಡು ತಿಂಗಳು ಪ್ರವಾಸಿಗರೂ ನೀರಿಗೆ ಇಳಿಯದಿರುವುದು ಲೇಸು, ಏಕೆಂದರೆ ಅಲೆ ದೊಡ್ಡದಾದಷ್ಟೂ ಹಿಂದಿರುಗುವ ನೀರೂ ಹೆಚ್ಚು. ಇಲ್ಲಿ ಗಾಳಿ ಇಲ್ಲದ ದಿನವೂ ಅಲೆ ಏಳಬಹುದೆಂಬುದನ್ನು ಒಳನಾಡಿನವರು ಗಮನಿಸಬೇಕು. ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ದಿನಗಳ ನಂತರ ನಮ್ಮ ದಡ ಮುಟ್ಟುತ್ತವೆ. ಅದರ ಮುನ್ನೆಚ್ಚರಿಕೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ, ಕಡಲಿಗಿಂತ ರಾಯಚೂರಿಗೇ ಹತ್ತಿರ! ಹೊರಡುವ ಮುನ್ನ ಅದರ ಸೂಚನೆಯನ್ನು ನೋಡಿಕೊಳ್ಳಬಹುದು.

ಸಿಂಧನೂರಿನ ವಿದ್ಯಾರ್ಥಿ:

ಆ ಮರಳಿನ ದಿಣ್ಣೆಗಳು ಎಲ್ಲಿಂದ ಬಂದವು? ನಮ್ಮ ಹೊಳೆಯ ಮರಳೇ ಹೋಗಿ ಗೋಕರ್ಣದಲ್ಲಿ ದಿಣ್ಣೆಯಾಗಿದೆ ಎಂದು ಹೇಳಬಹುದೇ?

ಸಂಡೂರಿನ ಭೂವಿಜ್ಞಾನಿ:

ಹಾಗೆ ಹೇಳಲಾಗದು ತಮ್ಮ. ಗಂಗಾಮೂಲದ ಪರಿಸರದಲ್ಲಿ ಹುಟ್ಟುವ ನದಿಗಳಲ್ಲಿ ನೇತ್ರಾವತಿ ಘಟ್ಟ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ತುಂಗೆ, ಭದ್ರೆಯರು ಮಾತ್ರ ಪೂರ್ವಕ್ಕೆ ತಿರುಗಿ, ಕೂಡಲಿಯಲ್ಲಿ ಒಂದಾಗಿ, ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಗೆ ನೀರುಣಿಸಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿ ಮುಟ್ಟುತ್ತಾರೆ. ಗೋಕರ್ಣದ ಕಡೆಯ ಮರಳು ಗಂಗಾವಳಿ, ಅಘನಾಶಿನಿ, ಶರಾವತಿಯಂಥ ಪಶ್ಚಿಮದ ನದಿಗಳು ತಂದದ್ದು, ಜೊತೆಗೆ ಅಲ್ಲಿಯ ಬಂಡೆಗಳೇ ಸವೆದು ಆದದ್ದು.

ನದಿ ತನ್ನ ಅಳಿವೆಯಲ್ಲಿ ಸುರಿದ ಮರಳನ್ನು ಕಡಲು ಅಲ್ಲೇ ಬಿಡುವುದಿಲ್ಲ. ಅಲೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ, ಸಾಮಾನ್ಯವಾಗಿ ಓರೆಯಾಗಿ ಬರುತ್ತವೆ. ಓರೆಯಾಗಿ ಏರಿದ ನೀರು ಇಳಿಯುವಾಗ ಇಳಿಜಾರಿಗೆ ನೇರವಾಗಿ ಇಳಿಯುತ್ತದೆ. ಆದ್ದರಿಂದ ಒಂದೊಂದು ಅಲೆಗೂ ಮರಳಿನ ಕಣ ಗರಗಸದ ಹಲ್ಲಿನಂತೆ ಏರಿ ಇಳಿದು, ಪ್ರತಿ ಸಲ ಕೊಂಚ ಪಕ್ಕಕ್ಕೆ ಸರಿದಿರುತ್ತದೆ. ಮುರಿದ ಅಲೆಗಳ ಒತ್ತಡದಿಂದ ದಡದ ಉದ್ದಕ್ಕೂ ಒಂದು ಸೆಳವು ಬೇರೆ ಹರಿಯುತ್ತದೆ. ಬಟ್ಟೆ ಇಟ್ಟ ಜಾಗದ ಎದುರಿಗೇ ನೀರಿಗೆ ಇಳಿದವರು ಅರ್ಧ ಗಂಟೆಯ ನಂತರ ನೋಡಿದರೆ ಬಟ್ಟೆಯ ಗಂಟು ಎಲ್ಲೋ ದೂರದಲ್ಲಿರುತ್ತದಲ್ಲ, ಅದು ಈ ಸೆಳವಿನ ಕೆಲಸ.

ಈ ಮರಳಿನ ಪಯಣಕ್ಕೆ ಅಡ್ಡಗಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈಗಿಂತ ಉತ್ತಮ ಪಾಠವಿಲ್ಲ. ಪೂರ್ವ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ಉತ್ತರಕ್ಕೆ ಸಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಬಂದರಿನ ಕಲ್ಲಿನ ಗೋಡೆಗಳು ಕಡಲಿಗೆ ಚಾಚಿದ ಮೇಲೆ, ದಕ್ಷಿಣದಲ್ಲಿ ಮರಳು ತಡೆದು ನಿಂತು ಇಂದಿನ ವಿಶಾಲ ಮರೀನಾ ಬೀಚ್ ಬೆಳೆಯಿತು. ಉತ್ತರದ ರಾಯಪುರಂ ಕಡೆಗೆ ಬರಬೇಕಾದ ಮರಳು ಬಾರದೆ ಕಡಲ್ಕೊರೆತ ಶುರುವಾಯಿತು. ಒಂದು ಊರಿನವರು ಸಂಜೆ ಗಾಳಿಗೆ ಕೂರುವ ಮರಳು ಇನ್ನೊಂದು ಕೇರಿಯವರ ಮನೆಯಂಗಳದ್ದು.

ಕಾರಟಗಿಯ ಭತ್ತದ ಬೆಳೆಗಾರ:

ಹಾಗಾದರೆ ನಮ್ಮ ಡ್ಯಾಮೂ ಅಂಥದೇ ಗೋಡೆಯಲ್ಲವೇ ಸರ್? ಹೂಳು ತುಂಬಿತು, ಎರಡನೇ ಬೆಳೆಗೆ ನೀರು ಸಾಲದು ಎಂದು ನಾವು ಇಲ್ಲಿ ಒದ್ದಾಡುತ್ತಿದ್ದೇವೆ. ಆ ಹೂಳು ಇಲ್ಲಿ ನಿಲ್ಲದಿದ್ದರೆ ಎಲ್ಲಿಗೆ ಹೋಗಬೇಕಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಸಂಡೂರಿನ ಭೂವಿಜ್ಞಾನಿ:

ಸರಿಯಾದ ಎಳೆಯನ್ನೇ ಹಿಡಿದಿದ್ದೀರಿ ಅಣ್ಣಾವರೇ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ಕಳೆದುಹೋದ 27 ಟಿಎಂಸಿ ಜಾಗದಲ್ಲಿ ಇರುವುದು ಹೆಚ್ಚುಕಡಿಮೆ 76 ಕೋಟಿ ಘನ ಮೀಟರ್ ಹೂಳು. ಇದರಲ್ಲಿ ಜಲಾಶಯದ ತಲೆಭಾಗದಲ್ಲಿ, ಹೊಳೆ ಬಂದು ನಿಂತ ನೀರನ್ನು ಸೇರುವಲ್ಲಿ, ದಪ್ಪ ಮರಳು ಮೊದಲು ಕೂರುತ್ತದೆ. ನಯವಾದ ಕಪ್ಪು ರೇವೆ ಗೋಡೆಯವರೆಗೂ ತೇಲಿಬರುತ್ತದೆ. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳೂ ತಮ್ಮ ಪಾಲು ಹಿಡಿದಿಡುತ್ತವೆ. ಹೀಗಾಗಿ ಕೃಷ್ಣಾ ಮುಖಜಭೂಮಿಗೆ ತಲುಪುವ ಮಣ್ಣು ಬಹಳ ಕಡಿಮೆಯಾಗಿ, ಅಲೆ ಒಯ್ದಷ್ಟನ್ನು ನದಿ ತುಂಬಿಕೊಡಲಾಗದೆ, ಅಲ್ಲಿಯ ದಡ ಹಲವೆಡೆ ಹಿಂದೆ ಸರಿಯುತ್ತಿದೆ. ಅಣೆಕಟ್ಟು ಬೇಡವಿತ್ತೆಂದು ನಾನು ಹೇಳುತ್ತಿಲ್ಲ, ಅದರ ಅನ್ನವನ್ನೇ ನಾನೂ ಉಣ್ಣುತ್ತಿದ್ದೇನೆ.

ಕಡಲು ನಮ್ಮಿಂದ ದೂರವೆಂದು ಎಲ್ಲರೂ ಅಂದುಕೊಳ್ಳುತ್ತೀರಿ. ಸಂಡೂರಿನ ಕಬ್ಬಿಣದ ಅದಿರಿನ ಪದರಗಳನ್ನು ಹತ್ತಿರದಿಂದ ನೋಡಿದರೆ ಕೆಂಪು ಗೆರೆ, ಬೂದು ಗೆರೆ, ಮತ್ತೆ ಕೆಂಪು ಗೆರೆ ಎಂದು ಇಳಕಲ್ ಸೀರೆಯ ಪಟ್ಟಿಯಂತೆ ಕಾಣುತ್ತವೆ. ಅವು ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ. ಅದೇ ಬೆಟ್ಟಸಾಲಿನಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರಕ್ಕೆ ಹೆಪ್ಪುಗಟ್ಟಿದ ಲಾವಾ ಬಂಡೆಗಳೂ ಇವೆ.

ಗಂಗಾವತಿಯ ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಪ್ರವಾಸಕ್ಕೆ ಮೊದಲು ಹುಡುಗರಿಗೆ ಇದನ್ನು ಕಣ್ಣಾರೆ ತೋರಿಸಬೇಕೆಂದಿದ್ದೇನೆ. ಕಾರಟಗಿಯ ಯಜಮಾನರು ಒಪ್ಪಿದರೆ, ನೀರು ಕಟ್ಟಿದ ಒಂದು ಮಡಿಯಲ್ಲಿ ಬದುವಿಗೆ ಗೇಣಗಲದ ಬಾಯಿ ಕಡಿದು, ಒಂದು ಕಡೆಯಿಂದ ಹಲಗೆಯಲ್ಲಿ ನೀರು ತಳ್ಳುತ್ತಾ, ಹೊಟ್ಟು ಚೆಲ್ಲಿ, ಅದು ಯಾವ ದಾರಿ ಹಿಡಿಯುತ್ತದೆ ಎಂದು ನೋಡುವುದು. ಅಂದು ಸೆಳವಿಗೆ ಸಿಕ್ಕ ಹುಡುಗನೇ ಹೊಟ್ಟು ಚೆಲ್ಲುವೆನೆಂದು ಹೇಳಿದ್ದಾನೆ.

ಕಾರಟಗಿಯ ಭತ್ತದ ಬೆಳೆಗಾರ:

ಧಾರಾಳವಾಗಿ ಬನ್ನಿ ಗುರುಗಳೇ. ಸಸಿ ಹಚ್ಚುವ ಮೊದಲು ಬಂದರೆ ಮಡಿ ಖಾಲಿ ಇರುತ್ತದೆ. ಬದು ಕಡಿಯುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಮರಳಿ ಕಟ್ಟುವ ಕೆಲಸ ಹುಡುಗರದು. ಸಲಿಕೆ ಎರಡೇ ಇವೆ, ಇನ್ನೆರಡು ನೀವೇ ತನ್ನಿ.